ಟೇಲ್‌ಸ್ಪಾಟ್ ಬ್ಲೆನ್ನಿ: ಟ್ಯಾಂಕ್ ತುಂಬ ಪಾಚಿ ಇದ್ರೂ ಹೊಟ್ಟೆ ಒಳಗೆ ಹೋಗ್ತಿದೆ, ಯಾಕೆ?

ಪುಟ್ಟ_ಕಡಲು
60 ಲೀಟರ್ ನ್ಯಾನೋ, ಅಂದ್ರೆ ಪುಟ್ಟ ಉಪ್ಪುನೀರಿನ ಟ್ಯಾಂಕ್. ಕಲ್ಲು, ಮರಳು ಕಳೆದರೆ ನೀರು ಸುಮಾರು 50 ಲೀಟರ್. ಟ್ಯಾಂಕ್ ಶುರುವಾಗಿ 9 ವಾರ, ಬ್ಲೆನ್ನಿ (ಕಲ್ಲಿನ ತೂತಲ್ಲಿ ಇರೋ ಸಣ್ಣ ಕಡಲ ಮೀನು) ತಂದು ಬಿಟ್ಟು 18 ದಿನ. ಜೊತೆಗೆ ಒಂದು ಜೋಡಿ ಕ್ಲೌನ್ ಮೀನು. ಉಪ್ಪು (ಸಾಂದ್ರತೆ ಲೆಕ್ಕದಲ್ಲಿ) 1.025, ಉಷ್ಣಾಂಶ 26, ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 8.
ಗಾಜು, ಮರಳು ಎಲ್ಲಾ ಕಡೆ ಕಂದು ಪಾಚಿ ಬೇಕಾದಷ್ಟಿದೆ. ಆದ್ರೂ ಮೇಲಿಂದ ನೋಡಿದ್ರೆ ಮೀನಿನ ತಲೆ ದಪ್ಪ, ಮೈ ಕಡ್ಡಿ. ಪೆಲೆಟ್ ಹಾಕಿದ್ರೆ ಕ್ಲೌನ್‌ಗಳೇ ನುಂಗಿಬಿಡ್ತವೆ, ಇದು ತೂತಿಂದ ತಲೆ ಆಚೆ ಹಾಕಿ ನೋಡ್ತಾ ಕೂರುತ್ತೆ. ಅಂಗಡಿಯವರು "ಪಾಚಿ ತಿಂದ್ಕೊಂಡು ಇರುತ್ತೆ, ಏನೂ ಹಾಕ್ಬೇಡಿ" ಅಂದಿದ್ರು. ಏನು ಮಾಡೋದು?

ಗಿರಿನಗರ_ರೀಫ್
ಪೆಲೆಟ್ ಬ್ರಾಂಡ್ ಬದಲಾಯಿಸಿ ನೋಡಿ.

ಪಾಚಿಗಣ್ಣು
ಬ್ರಾಂಡ್ ಬದಲಾಯಿಸಿದ್ರೆ ಕ್ಲೌನ್‌ಗೆ ರುಚಿ ಬದಲಾಗುತ್ತೆ ಅಷ್ಟೇ.

ಅಂಗಡಿಯವರ ಮಾತು ಅರ್ಧ ನಿಜ. ಬ್ಲೆನ್ನಿ ಪಾಚಿ ತಿನ್ನುತ್ತೆ, ಆದ್ರೆ ಕಣ್ಣಿಗೆ ಕಾಣೋ ಪಾಚಿಯೆಲ್ಲ ಅದರ ಊಟ ಅಲ್ಲ. ನಿಮ್ಮ ಕಂದು ಪಾಚಿ ಒರೆಸಿದ್ರೆ ಹೊಗೆ ಥರ ಏಳುತ್ತಾ? ಹಾಗಿದ್ರೆ ಅದು ಡಯಾಟಮ್, ಪುಡಿ ಥರದ ಒಂಟಿಕೋಶ ಪಾಚಿ. ಈ ಮೀನಿನ ತುಟಿ ಹಿಂದೆ ಬಾಚಣಿಗೆ ಥರ ಒತ್ತೊತ್ತಾದ ಹಲ್ಲಿನ ಸಾಲು ಇರುತ್ತೆ. ಗಟ್ಟಿ ಕಲ್ಲಿಗೆ ಬಾಯಿ ಒತ್ತಿ, ತಲೆ ಒಂದು ಸಲ ಕೊಡವಿ ಕೆರೆಯುತ್ತೆ. ಬೇಕಾಗಿರೋದು ಕಲ್ಲಿಗೆ ಅಂಟಿದ ತೆಳು ಹಸಿರು ಪದರ, ಅದರೊಳಗೆ ಸಿಕ್ಕಿಕೊಂಡ ಕೊಳೆ, ಕಣ್ಣಿಗೆ ಕಾಣದ ಹುಳ. 9 ವಾರದ ಟ್ಯಾಂಕಲ್ಲಿ ಆ ಪದರ ಇನ್ನೂ ಕೂತೇ ಇರಲ್ಲ.

ಮೊದಲು ಒಂದು ಪರೀಕ್ಷೆ. ರಾತ್ರಿ ಲೈಟ್ ಆರಿಸಿ, ಮುಂದಿನ ಗಾಜಿಗೆ ಟಾರ್ಚ್ ಓರೆಯಾಗಿ ಹಿಡೀರಿ. 2-3 ಎಂ.ಎಂ. ಅಗಲದ ಅರ್ಧಚಂದ್ರದ ಗುರುತುಗಳು ಸಾಲಾಗಿ ಕಾಣ್ಬೇಕು, ತುಟಿ ಒತ್ತಿದ ಜಾಗ. ಅದು ಇದ್ರೆ ಮೀನು ಕೆರೀತಿದೆ, ಸಿಗೋದು ಸಾಲ್ತಿಲ್ಲ. ಒಂದೂ ಇಲ್ಲ ಅಂದ್ರೆ ತಿನ್ನೋದನ್ನೇ ಬಿಟ್ಟಿದೆ. ಎರಡಕ್ಕೂ ಮದ್ದು ಬೇರೆ.

ಹವಳದ_ಹುಚ್ಚ
ಡಯಾಟಮ್ ತಿನ್ನಲ್ಲ ಅನ್ನೋದು ತಪ್ಪು. ಕಾಡಲ್ಲಿರೋ ಬ್ಲೆನ್ನಿ ಹೊಟ್ಟೇಲೂ ಡಯಾಟಮ್ ಇರುತ್ತೆ.

ಪಾಚಿಗಣ್ಣು
ತಿನ್ನಲ್ಲ ಅಂತ ನಾನೆಲ್ಲಿ ಬರೆದೆ? ಕಲ್ಲಿನ ಮೇಲೆ ಬೇರೆ ಪಾಚಿ ಜೊತೆ ಕೂತ ಡಯಾಟಮ್ ತಿನ್ನುತ್ತೆ. ಮರಳಿನ ಮೇಲೆ ಹಾಸಿದ ಪುಡಿ ಕೆರೆಯೋಕಾಗಲ್ಲ. ಚಾಪೆ ಮೇಲೆ ಚೆಲ್ಲಿದ ರವೆಯನ್ನ ಸೌಟಲ್ಲಿ ಎತ್ತಿದ ಹಾಗೆ.

ಹವಳದ_ಹುಚ್ಚ
ಸರಿ ಸರಿ, ಒಪ್ಪಿದೆ. ಅಂದಹಾಗೆ "ಕಾಡಲ್ಲಿರೋ" ಅಂತ ಬರೆದುಬಿಟ್ಟಿದ್ದೀನಿ, ಕಡಲಲ್ಲಿರೋ ಅಂತ ಓದ್ಕೊಳ್ಳಿ 😄

ಮೇಷ್ಟ್ರು_ಬಯಾಲಜಿ
ಮೊದಲು ಜಾತಿ ಯಾವುದೆಂದು ಖಚಿತ ಮಾಡಿಕೊಳ್ಳಿ. ಅಂಗಡಿಗಳಲ್ಲಿ ಸಣ್ಣ ಬ್ಲೆನ್ನಿಗಳೆಲ್ಲಕ್ಕೂ ಒಂದೇ ಹೆಸರು. ಟೇಲ್‌ಸ್ಪಾಟ್ ಎಂದರೆ ಎಕ್ಸೀನಿಯಸ್ ಸ್ಟಿಗ್ಮಾಟುರಾ. 1952ರಲ್ಲಿ ಫೌಲರ್ ವಿವರಿಸಿದ್ದು. ಫಿಲಿಪ್ಪೀನ್ಸ್ ಮತ್ತು ಪೂರ್ವ ಇಂಡೋನೇಷ್ಯಾದ ಹವಳ ದಿಬ್ಬಗಳ ಮೀನು. ಪೂರ್ತಿ ಬೆಳೆದರೂ 6 ಸೆಂ.ಮೀ. ದಾಟುವುದಿಲ್ಲ. ಬಾಲ ಶುರುವಾಗುವಲ್ಲಿ ಒಂದು ಕಪ್ಪು ಚುಕ್ಕೆ, ಕಣ್ಣಿನ ಬಳಿ ಕಿತ್ತಳೆ-ಹಳದಿ ಗೆರೆ.

ತಲೆ ಕಡೆ ಕಡುನೀಲಿ, ಹಿಂದೆ ಕಿತ್ತಳೆ ಇದ್ದರೆ ಅದು ಬೈಕಲರ್, ಸುಮಾರು 11 ಸೆಂ.ಮೀ. ಆಗುತ್ತದೆ. ಮೈಮೇಲೆ ಕಂದು ಪಟ್ಟೆ, ಕಣ್ಣಿನ ಮೇಲೆ ಕವಲು ಕೂದಲು ಇದ್ದರೆ ಲಾನ್‌ಮೋವರ್, ಅಂದರೆ ಸಲೇರಿಯಸ್ ಫ್ಯಾಸಿಯೇಟಸ್. ಅದು 14 ಸೆಂ.ಮೀ. ತನಕ ಬೆಳೆಯುತ್ತದೆ. 60 ಲೀಟರಿನಲ್ಲಿ ಅದು ಹಸಿವಿನಿಂದ ಸಾಯುವುದು ಬಹುತೇಕ ಗ್ಯಾರಂಟಿ. ಎಕ್ಸೀನಿಯಸ್ ಕುಲಕ್ಕೆ ಕಣ್ಣಿನ ಮೇಲೆ ಕೂದಲಿಲ್ಲ, ಮೂಗಿನ ಹೊಳ್ಳೆ ಬಳಿ ಮಾತ್ರ ಸಣ್ಣದು.

ಪುಟ್ಟ_ಕಡಲು
ಕಪ್ಪು ಚುಕ್ಕೆ ಇದೆ, ಕಿತ್ತಳೆ ಗೆರೆ ಇದೆ. ಟೇಲ್‌ಸ್ಪಾಟೇ. ಅಳತೆ ಸುಮಾರು 4.5 ಸೆಂ.ಮೀ. ಟಾರ್ಚ್ ಹಿಡಿದು ನೋಡಿದೆ, ಹಿಂದಿನ ಗಾಜಲ್ಲಿ ಎಂಟ್ಹತ್ತು ಗುರುತು ಇವೆ, ಮುಂದೆ ಇಲ್ಲ.

ಪಾಚಿಗಣ್ಣು
ಮುಂದಿನ ಗಾಜು ನೀವು ಒರೆಸ್ತೀರಿ, ಅದಕ್ಕೆ ಇಲ್ಲ. ಗುರುತಿದೆ ಅಂದ್ರೆ ಒಳ್ಳೆ ಸುದ್ದಿ, ಬಾಯಿ ಓಡ್ತಿದೆ. ಇವತ್ತಿಂದ ಹಿಂದಿನ ಗಾಜು, ಬದಿ ಗಾಜು ಮುಟ್ಟಬೇಡಿ.

ಟಿಡಿಎಸ್_ಸೊನ್ನೆ
ಡಯಾಟಮ್ 9 ವಾರಕ್ಕೂ ಹೋಗಿಲ್ಲ ಅಂದ್ರೆ ನೀರಲ್ಲಿ ಸಿಲಿಕೇಟ್ ಇದೆ, ಡಯಾಟಮ್ ಬೆಳೆಯೋಕೆ ಅದೇ ಬೇಕು. ನೀರು ಎಲ್ಲಿಂದ? ಅಡುಗೆಮನೆ ಆರ್‌ಓ ಆದ್ರೆ ಅದರಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) ಕಂಟ್ರೋಲರ್ ಇರುತ್ತೆ. ಕುಡಿಯೋಕೆ ರುಚಿ ಬರಲಿ ಅಂತ ಸ್ವಲ್ಪ ಹಸಿ ನೀರನ್ನ ವಾಪಸ್ ಬೆರೆಸುತ್ತೆ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಬೇರೆ. ಆ ನೀರು ಟ್ಯಾಂಕಿಗೆ ಬೇಡ. ಮೆಂಬ್ರೇನ್ ಆದಮೇಲೆ, ಕಂಟ್ರೋಲರ್‌ಗೂ ಮುಂಚೆ ಟ್ಯಾಪ್ ಹಾಕಿ, ಆಮೇಲೆ ಡಿಐ ರೆಸಿನ್ (ಉಳಿದ ಲವಣ ಹೀರೋ ಸಣ್ಣ ಮಣಿಗಳು).

ಇನ್ನೊಂದು, ಎಲ್ಲರೂ ಎಡವೋ ಜಾಗ ಇದು. ರೆಸಿನ್ ಮುಗೀತಾ ಬಂದಾಗ ಮೊದಲು ಬಿಟ್ಟುಬಿಡೋದೇ ಸಿಲಿಕೇಟ್. ಟಿಡಿಎಸ್ ಮೀಟರ್‌ನಲ್ಲಿ ಮಾತ್ರ ಇನ್ನೂ 0 ತೋರಿಸ್ತಿರುತ್ತೆ, ಯಾಕಂದ್ರೆ ಸಿಲಿಕೇಟ್ ನೀರಲ್ಲಿ ವಿದ್ಯುತ್ ಹೆಚ್ಚು ಹರಿಸಲ್ಲ. ರೆಸಿನ್ ಬಣ್ಣ ಮುಕ್ಕಾಲು ಭಾಗ ಬದಲಾಯ್ತು ಅಂದ್ರೆ ಮೀಟರ್ ನೋಡದೆ ಬದಲಾಯಿಸಿ.

ಪುಟ್ಟ_ಕಡಲು
ಅಡುಗೆಮನೆ ಆರ್‌ಓನೇ. ಮೀಟರ್ 45 ತೋರಿಸ್ತಿದೆ. ಅದು ಕಡಿಮೆ ಅಂತ ಅಂದ್ಕೊಂಡಿದ್ದೆ.

ಟಿಡಿಎಸ್_ಸೊನ್ನೆ
ಕುಡಿಯೋಕೆ ಕಡಿಮೆ. ಇಲ್ಲಿಗೆ 45 ಜಾಸ್ತಿ, 0ಯಿಂದ 2 ಒಳಗೆ ಇರ್ಬೇಕು.

ಹುಬ್ಬಳ್ಳಿ_ಮಂದಿ
ನೀರಿನ ಪಂಚಾಯ್ತಿ ಆಮ್ಯಾಲ ಮಾಡ್ರಿ, ಮೊದ್ಲ ಮೀನಿಗೆ ಊಟ ಹಾಕ್ರಿ. ಹೊಟ್ಟಿ ಹಿಂಗ ಒಳಗ ಹೋದ್ಮ್ಯಾಲ ಭಾಳ ದಿನ ತಡಿಯಂಗಿಲ್ಲ.

ಈ ಮೀನು ನೀರಿನ್ಯಾಗ ತೇಲೋದನ್ನ ಹಿಡ್ಕೊಂಡು ತಿನ್ನೂದ ಕಲಿಲಾಕ ಟೈಮ್ ಬೇಕು. ಕೆರಿಯೂದು ಹುಟ್ಟಾ ಬರ್ತೈತಿ. ಅದಕ್ಕ ಕೆರಿಯೂ ಹಂಗ ಊಟ ಮಾಡಿ ಕೊಡ್ರಿ. ಕಿರಾಣಿ ಅಂಗಡ್ಯಾಗ ಚೈನಾ ಗ್ರಾಸ್ ಸಿಗ್ತೈತಲ್ರಿ, ಫಾಲೂದಾಕ್ಕ ಹಾಕೋದು, ಅದ ಅಗರ್. ಸಕ್ಕರಿ, ಬಣ್ಣ, ಫ್ಲೇವರ್ ಇಲ್ಲದ್ದ ತಗೋರಿ. ಕಡ್ಡಿ ಇದ್ರ ಸಣ್ಣಗ ಕತ್ತರಿಸಿ ಅರ್ಧ ತಾಸು ನೆನಿ ಇಡ್ರಿ.

100 ಎಂ.ಎಲ್. ಆರ್‌ಓ ನೀರಿಗೆ 2 ಗ್ರಾಂ ಚೈನಾ ಗ್ರಾಸ್, ಪೂರ್ತಿ ಕರಗೂ ತನಕ ಕುದಿಸ್ರಿ. ಇಳಿಸಿ ಆರಾಕ ಬಿಡ್ರಿ. ಬಟ್ಟಲಕ್ಕ ಕೈ ಹಚ್ಚಿದ್ರ ಬಿಸಿ ಅನಸಬೇಕು, ಆದ್ರ ಸುಡಬಾರ್ದು, ಅಂದಾಜು 50 ಡಿಗ್ರಿ. ಆವಾಗ 1 ಚಮಚ ಸ್ಪಿರುಲಿನಾ ಪಾಚಿ ಪುಡಿ, ಅರ್ಧ ಹಾಳಿ ನೋರಿ (ಒಣಗಿಸಿದ ಕಡಲ ಪಾಚಿ) ಪುಡಿ ಮಾಡಿದ್ದು, ಪೆಲೆಟ್ ಜಜ್ಜಿದ್ದು ಒಂದು ಚಿಟಿಕಿ. ಕುದಿಯೂ ನೀರಾಗ ಹಾಕಿದ್ರ ಜೀವಸತ್ವ ಹಾಳಾಗ್ತಾವ. ಭಾಳ ಆರಿದ್ರ ಗಟ್ಟಿ ಆಗಿ ಕಲಿಯಂಗಿಲ್ಲ, 40ರ ಕೆಳಗ ಅದು ಹೆಪ್ಪಾಗಿಬಿಡ್ತೈತಿ.

ಬೆರಳ ಗಾತ್ರದ ಒರಟು ಕಲ್ಲಿನ ಚೂರು ತಗೊಂಡು ಅದರ ಮ್ಯಾಲ 1 ಎಂ.ಎಂ. ದಪ್ಪ ಹಚ್ಚಿ ಫ್ರಿಜ್ಜಿನ್ಯಾಗ ಇಡ್ರಿ, 4-5 ದಿನ ಬರ್ತೈತಿ. ದಿನಾ ಒಂದು ಕಲ್ಲು ಅದರ ತೂತಿನ ಬಾಗಲದಾಗ. 3 ತಾಸಿಗೆ ತಗದಬಿಡ್ರಿ.

ಗಿರಿನಗರ_ರೀಫ್
ಚೈನಾ ಗ್ರಾಸ್ 👌 ಜೆಲಾಟಿನ್ ಆಗಲ್ವಾ?

ಹುಬ್ಬಳ್ಳಿ_ಮಂದಿ
26 ಡಿಗ್ರಿ ನೀರಿನ್ಯಾಗ ಜೆಲಾಟಿನ್ ಮೆತ್ತಗಾಗಿ ಬಿಚ್ಚಿ ಹೋಗ್ತೈತಿ. ನೀರೆಲ್ಲ ರಾಡಿ. ಅಗರ್ ಮತ್ತ ಕರಗಬೇಕಂದ್ರ 85 ಡಿಗ್ರಿ ಬೇಕು.

ಮಂಗ್ಳೂರು_ಬೊಲ್ಪು
ನೋರಿಯನ್ನು ಕ್ಲಿಪ್ಪಿಗೆ ಹಾಕಿ ಗಾಜಿಗೆ ಅಂಟಿಸಿದ್ರೆ ಸಾಕಲ್ವಾ ಮಾರಾಯ್ರೆ, ಇಷ್ಟೆಲ್ಲ ಎಂತಕ್ಕೆ?

ಪಾಚಿಗಣ್ಣು
ಟ್ಯಾಂಗ್ ಮೀನಿಗೆ ಕ್ಲಿಪ್ ಸರಿ, ಅದು ಈಜ್ತಾ ಹರಿದು ತಿನ್ನುತ್ತೆ. ಈ ಬ್ಲೆನ್ನಿಗೆ ಈಜು ಚೀಲ ಇಲ್ಲ, ನೀರಿನ ನಡುವೆ ನಿಲ್ಲೋಕಾಗದೆ ಕೂತೇ ತಿನ್ನುತ್ತೆ. ನೋರಿ ಕೊಡ್ಲೇಬೇಕಂದ್ರೆ 2×2 ಸೆಂ.ಮೀ. ತುಂಡು ನೆನೆಸಿ, ಕಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತಿ ಇಡಿ. ಎಣ್ಣೆ, ಉಪ್ಪು, ಮಸಾಲೆ ಹಚ್ಚಿದ ಸ್ನ್ಯಾಕ್ ನೋರಿ ಬೇಡ.

ಶಾಶ್ವತ ದಾರಿ ಕಲ್ಲು ಬದಲಿ. 10 ಲೀಟರ್ ಬಕೆಟ್, ಏರ್ ಸ್ಟೋನ್, ಮೇಲೆ 10 ವಾಟ್ ಎಲ್‌ಇಡಿ, ದಿನಕ್ಕೆ 14 ಗಂಟೆ. ನೀರು ಬದಲಾಯಿಸುವಾಗ ತೆಗೆದ ಹಳೆ ನೀರನ್ನೇ ಅದಕ್ಕೆ ತುಂಬಿ, ನೈಟ್ರೇಟ್ ಇರುತ್ತೆ. ಮುಷ್ಟಿ ಗಾತ್ರದ ನಾಲ್ಕು ಕಲ್ಲು ಹಾಕಿ. 10 ದಿನಕ್ಕೆ ಹಸಿರು ಪದರ ಬರುತ್ತೆ. ವಾರಕ್ಕೆ ಎರಡು ಕಲ್ಲು ಟ್ಯಾಂಕಿಗೆ, ಅಲ್ಲಿ ಖಾಲಿ ಆದ ಎರಡು ಬಕೆಟಿಗೆ. ಉದ್ದ ಕೂದಲು ಪಾಚಿ ಬಂದ್ರೆ ಆ ಕಲ್ಲು ಹಾಕಬೇಡಿ. ಅದನ್ನು ಬ್ಲೆನ್ನಿ ಮುಟ್ಟಲ್ಲ, ಟ್ಯಾಂಕಿಗೆ ಹರಡುತ್ತೆ ಅಷ್ಟೇ.

ಹವಳದ_ಹುಚ್ಚ
ಬಕೆಟ್ ಆವಿಯಾಗೋದನ್ನ ಮರೀಬೇಡಿ. 10 ಲೀಟರಲ್ಲಿ 1 ಲೀಟರ್ ಹೋದ್ರೆ ಉಪ್ಪು 35ರಿಂದ ಸುಮಾರು 39 ಪಿಪಿಟಿಗೆ (ಸಾವಿರ ಭಾಗಕ್ಕೆ ಇಷ್ಟು ಭಾಗ) ಏರುತ್ತೆ. ನೀರಿನ ಮಟ್ಟಕ್ಕೆ ಒಂದು ಗೆರೆ ಹಾಕಿ, ದಿನಾ ಸಿಹಿನೀರು ತುಂಬಿ. ಉಪ್ಪುನೀರು ತುಂಬಿದ್ರೆ ಇನ್ನೂ ಏರುತ್ತೆ. ಹೊಸಬರು ಮಾಡೋ ಮೊದಲ ತಪ್ಪೇ ಇದು.

ಕಾವೇರಿ_ಕ್ಲೌನ್
ಕ್ಲೌನ್ ವಿಷಯ ಯಾರೂ ಹೇಳ್ಲಿಲ್ಲ. ಪಂಪ್ ನಿಲ್ಲಿಸಿ, ಮೊದಲು ಟ್ಯಾಂಕಿನ ಆ ತುದೀಲಿ ಕ್ಲೌನ್‌ಗೆ ಹಾಕಿ. ಅವು ಅಲ್ಲಿ ಮುತ್ತಿಕೊಂಡಾಗ ಫ್ರೋಜನ್ ಮೈಸಿಸ್ ಅಥವಾ ಸೈಕ್ಲಾಪ್ಸ್ (ಸಿಗಡಿ ಥರದ ಪುಟಾಣಿ ಜೀವಿಗಳು) ಕರಗಿಸಿ ತೊಳೆದು, ಪಿಪೆಟ್‌ನಲ್ಲಿ ಎರಡು ಹನಿ, ಬ್ಲೆನ್ನಿ ತೂತಿನ ಬಾಯಿಗೆ. ನೇರ ಮುಖಕ್ಕೆ ಊದ್ಬೇಡಿ, ಒಳಗೆ ಹೋಗಿಬಿಡುತ್ತೆ. ಸ್ವಲ್ಪ ಮೇಲಿಂದ ಬೀಳೋ ಹಾಗೆ. 5 ನಿಮಿಷ ಆದ್ಮೇಲೆ ಪಂಪ್ ಹಾಕೋದು ಮರೀಬೇಡಿ ದಯವಿಟ್ಟು.

ಗಿರಿನಗರ_ರೀಫ್
ತಿಂದೂ ಸಣ್ಣ ಆಗ್ತಿದ್ರೆ ಹುಳ ಇರ್ಬೋದು. ಪ್ರಾಜಿಕ್ವಾಂಟೆಲ್ ಟ್ಯಾಂಕಿಗೆ ಹಾಕಿಬಿಡಿ.

ಪಾಚಿಗಣ್ಣು
ದಯವಿಟ್ಟು ಟ್ಯಾಂಕಿಗೆ ಹಾಕ್ಬೇಡಿ! ಕಲ್ಲಿನಲ್ಲಿರೋ ಗರಿಹುಳಗಳು ಸಾಯ್ಬೋದು, ಅವು ಕೊಳೆತು ಅಮೋನಿಯ ಏರುತ್ತೆ, ಆಮ್ಲಜನಕ ಇಳಿಯುತ್ತೆ. ಹುಳ ಅನ್ನೋಕೆ ಲಕ್ಷಣ ಬೇಕು: ಚೆನ್ನಾಗಿ ತಿಂತಿದ್ರೂ ಬೆನ್ನು ಕತ್ತಿ ಥರ ಆಗೋದು, ಬಿಳಿ ದಾರದಂಥ ಮಲ. ಹಾಗಿದ್ರೆ ಬೇರೆ ಕ್ವಾರಂಟೈನ್ ಡಬ್ಬಿ, ಲೀಟರಿಗೆ 2.5 ಮಿ.ಗ್ರಾಂ, ಏರ್ ಪಂಪ್ ಜೋರಾಗಿ. ಇಲ್ಲಿ ಮೀನಿಗೆ ಊಟವೇ ಸಿಕ್ಕಿಲ್ಲ, ಔಷಧಿ ಯಾಕೆ?

ತಾಮ್ರದ ಔಷಧಿ ಬಗ್ಗೆಯೂ ಇಲ್ಲೇ ಹೇಳಿಬಿಡ್ತೀನಿ. ಬ್ಲೆನ್ನಿಗೆ ಹುರುಪೆ ಇಲ್ಲ, ಮೈಯೆಲ್ಲ ಲೋಳೆ. ಬಿಳಿಚುಕ್ಕೆ ರೋಗ ಬಂತು ಅಂತ ಒಂದೇ ದಿನ ಪೂರ್ತಿ ಡೋಸ್ ಹಾಕಿದ್ರೆ ತಿನ್ನೋದು ನಿಲ್ಲಿಸುತ್ತೆ. 4-5 ದಿನದಲ್ಲಿ ನಿಧಾನ ಏರಿಸಿ, ದಿನಾ ಟೆಸ್ಟ್ ಕಿಟ್‌ನಲ್ಲಿ ಅಳೆದು.

ಮೇಷ್ಟ್ರು_ಬಯಾಲಜಿ
ಲೋಳೆ ಎಂದಿರಲ್ಲ, ಬ್ಲೆನ್ನಿ ಎಂಬ ಹೆಸರಿನ ಮೂಲವೇ ಅದು. ಗ್ರೀಕಿನಲ್ಲಿ ಬ್ಲೆನ್ನೋಸ್ ಎಂದರೆ ಲೋಳೆ. ಕನ್ನಡದಲ್ಲಿ ಹೆಸರಿಡುವುದಾದರೆ "ಲೋಳೆಮೀನು" ಸರಿಹೋಗುತ್ತದೆ.

ಕಾವೇರಿ_ಕ್ಲೌನ್
ಲೋಳೆಮೀನು ಅಂದ್ರೆ ಯಾರೂ ಕೊಳ್ಳಲ್ಲ ಮೇಷ್ಟ್ರೇ. ಬಾಚಣಿಗೆಹಲ್ಲ ಅನ್ನಿ.

ಹುಬ್ಬಳ್ಳಿ_ಮಂದಿ
ಅದಕ್ಕಿಂತ "ಕಿಡಕಿ ಅಜ್ಜ" ಚೊಲೊ. ದಿನಾ ತೂತಿನ್ಯಾಗ ಕುಂತು ಓಣಿ ನೋಡ್ತಿರ್ತೈತಿ.

ಮಂಗ್ಳೂರು_ಬೊಲ್ಪು
ಸೋಮೇಶ್ವರ, ಮಲ್ಪೆ ಸೈಂಟ್ ಮೇರೀಸ್ ಕಲ್ಲುಗಳಲ್ಲಿ ಹಾರುವ ಮೀನು ಉಂಟಲ್ಲ, ಅಲೆ ಬಂದ ಕೂಡ್ಲೆ ಕಲ್ಲಿಂದ ಕಲ್ಲಿಗೆ ಜಿಗಿಯುವುದು. ಅದು ಮಡ್‌ಸ್ಕಿಪ್ಪರ್ ಅಲ್ವಾ? ಬ್ಲೆನ್ನಿ ಅಂತ ಯಾರೋ ಹೇಳಿದ್ರು.

ಮೇಷ್ಟ್ರು_ಬಯಾಲಜಿ
ಹೇಳಿದವರು ಸರಿ. ಅಲೆ ಹೊಡೆಯುವ ಬಂಡೆಯ ಮೇಲೆ ಜಿಗಿಯುವುದು ರಾಕ್‌ಸ್ಕಿಪ್ಪರ್, ಬ್ಲೆನ್ನಿ ಕುಟುಂಬದ್ದು. ಮಡ್‌ಸ್ಕಿಪ್ಪರ್ ಇರುವುದು ಅಳಿವೆಯ ಕೆಸರಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬುಡದಲ್ಲಿ. ಅದು ಗೋಬಿಗಳ ಬಳಗ. ಗುರುತು ಸುಲಭ: ಗೋಬಿಗೆ ಬೆನ್ನ ಮೇಲೆ ಎರಡು ಬೇರೆ ಬೇರೆ ರೆಕ್ಕೆ, ಬ್ಲೆನ್ನಿಗೆ ತಲೆಯ ಹಿಂದಿನಿಂದ ಬಾಲದವರೆಗೆ ಉದ್ದಕ್ಕೆ ಒಂದೇ.

ಮಂಗ್ಳೂರು_ಬೊಲ್ಪು
ಹಾಗಾದ್ರೆ ನಮ್ಮ ಕಲ್ಲಿನ ಬ್ಲೆನ್ನಿಯನ್ನೇ ಟ್ಯಾಂಕಿಗೆ ಹಾಕಿದ್ರೆ ಆಗುದಿಲ್ವಾ? ದುಡ್ಡೂ ಉಳಿಯಿತು.

ಪಾಚಿಗಣ್ಣು
ಬೇಡ. ಅದು ಆಗಾಗ ನೀರಿನ ಹೊರಗೆ, ಅಲೆಯ ಹೊಡೆತದಲ್ಲಿ ಇರೋ ಮೀನು. ಟ್ಯಾಂಕಲ್ಲಿ ಮೊದಲ ರಾತ್ರಿಯೇ ನೆಲದ ಮೇಲೆ. ಅಲ್ಲಿಂದ ಹವಳ, ಹವಳ ಅಂಟಿದ ಕಲ್ಲು ತರೋದಂತೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಸತ್ತ ತುಂಡು ಅಂದ್ರೂ ಬಿಡಲ್ಲ.

ಮಸ್ಕತ್_ಮಲೆನಾಡಿಗ
ಇಲ್ಲಿ ಓಮನ್ ಕೊಲ್ಲಿಯಲ್ಲಿ ಸ್ನಾರ್ಕೆಲ್ ಹಾಕಿದ್ರೆ ಕಾಣೋದು ಇದೇ ಕುಲದ ಎಕ್ಸೀನಿಯಸ್ ಪುಲ್ಕರ್. ಅದೂ ತೂತಲ್ಲಿ ಹಿಮ್ಮುಖ ಸೇರಿಕೊಂಡು ಮುಖ ಮಾತ್ರ ಆಚೆ.
ಕೋರೆಹಲ್ಲಿನ ಬ್ಲೆನ್ನಿಗೆ ವಿಷ ಇದೆ ಅಂತಾರಲ್ಲ, ಟೇಲ್‌ಸ್ಪಾಟ್‌ಗೂ ಇದೆಯಾ? ಟ್ಯಾಂಕಿಗೆ ಕೈ ಹಾಕ್ಬೋದಾ?

ಮೇಷ್ಟ್ರು_ಬಯಾಲಜಿ
ಧೈರ್ಯವಾಗಿ ಕೈ ಹಾಕಿ. ವಿಷ ಇರುವುದು ಮೆಯಕಾಂತಸ್ ಕುಲದಲ್ಲಿ ಮಾತ್ರ. ಕೆಳದವಡೆಯ ಎರಡು ದೊಡ್ಡ ಕೋರೆಗಳಲ್ಲಿ ತೋಡು, ಬುಡದಲ್ಲಿ ವಿಷಗ್ರಂಥಿ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ವಿಷದೊಳಗೆ ಅಫೀಮಿನಂತೆ ಕೆಲಸ ಮಾಡುವ ಪೆಪ್ಟೈಡ್ ಸಿಕ್ಕಿತು. ಇಲಿಗೆ ಚುಚ್ಚಿದಾಗ ಹೆಚ್ಚು ನೋವಿನ ಲಕ್ಷಣವಿಲ್ಲ, ಆದರೆ ರಕ್ತದೊತ್ತಡ ಸುಮಾರು 40% ಕುಸಿಯಿತು. ದೊಡ್ಡ ಮೀನು ನುಂಗಿದರೆ ಒಳಗಿಂದಲೇ ಕಚ್ಚುತ್ತದೆ, ಅದು ಬಾಯಿ ಬಿಟ್ಟು ನಡುಗುತ್ತಾ ನಿಲ್ಲುತ್ತದೆ, ಇದು ಈಜಿ ಹೊರಬರುತ್ತದೆ.

ಮಜಾ ಏನೆಂದರೆ ಕೆಂಪು ಸಮುದ್ರದ ಎಕ್ಸೀನಿಯಸ್ ಗ್ರಾವಿಯೆರಿ ಈ ವಿಷದ ಮೀನಿನದೇ ವೇಷ ಹಾಕುತ್ತದೆ, ಮುಂದೆ ನೀಲಿ, ಹಿಂದೆ ಹಳದಿ, ಕಪ್ಪು ಗೆರೆ. ವಿಷವಿಲ್ಲ, ಬರೀ ವೇಷ. ಅಂಗಡಿಯಲ್ಲಿ ಗೊಂದಲವಾದರೆ ಈಜು ನೋಡಿ: ಮೆಯಕಾಂತಸ್‌ಗೆ ಈಜು ಚೀಲ ಇದೆ, ನೀರಿನ ನಡುವೆ ತೇಲಿ ನಿಲ್ಲುತ್ತದೆ.

ಕಾವೇರಿ_ಕ್ಲೌನ್
ಹವಳ ಕಚ್ಚುತ್ತೆ ಅಂತಾರಲ್ಲ, ಅದು?

ಹವಳದ_ಹುಚ್ಚ
ಹಸಿದಿದ್ರೆ ಕಚ್ಚುತ್ತೆ. ಮೆತ್ತನೆ ಮಾಂಸದ ಹವಳ, ಕ್ಲ್ಯಾಮ್ ಚಿಪ್ಪುಜೀವಿಯ ಅಂಚು ಅದಕ್ಕೆ ಇಷ್ಟ. ಹೊಟ್ಟೆ ತುಂಬಿದ ಟೇಲ್‌ಸ್ಪಾಟ್ ಬಹುಮಟ್ಟಿಗೆ ಮುಟ್ಟಲ್ಲ. ಹವಳದ ಬುಡದ ಪಾಚಿ ಕೆರೆಯೋದನ್ನ ನೋಡಿ ಹವಳ ತಿಂತಿದೆ ಅಂತ ಕೂಗಾಡೋರೇ ಜಾಸ್ತಿ. ಪಾಲಿಪ್ (ಹವಳದ ಜೀವಂತ ಭಾಗ) ಮೇಲೆ ಬಿಳಿ ಗೀರು ಇದ್ರೆ ಮಾತ್ರ ಚಿಂತೆ ಮಾಡಿ.

ಮಂಗ್ಳೂರು_ಬೊಲ್ಪು
ಉಷ್ಣಾಂಶ 26 ಅಂತ ಬರ್ದಿದ್ದೀರಿ, ನೀವು ಪುಣ್ಯವಂತರು. ಇಲ್ಲಿ ಎಪ್ರಿಲ್‌ನಲ್ಲಿ ರೂಮೇ 32. ಫ್ಯಾನ್ ಇಡಿ ಅಂತ ಎಲ್ಲರೂ ಬರೆಯುದು, ಆದ್ರೆ ಫ್ಯಾನ್ ಕೆಲಸ ಮಾಡುದು ನೀರು ಆವಿಯಾದ್ರೆ ಮಾತ್ರ. ಬೆಂಗ್ಳೂರಿನ ಒಣ ಗಾಳಿಗೆ 2-3 ಡಿಗ್ರಿ ಇಳಿಯುತ್ತದೆ, ಇಲ್ಲಿನ ತೇವಕ್ಕೆ 1 ಇಳಿದ್ರೆ ದೊಡ್ಡದು. ಕರಾವಳಿಯವರು ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಇಲ್ಲದೆ ಶುರು ಮಾಡ್ಬೇಡಿ. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಬೇಕೇ ಬೇಕು, ಬಿಸಿ ನೀರಲ್ಲಿ ಆಮ್ಲಜನಕವೇ ಕಮ್ಮಿ.

ಗಿರಿನಗರ_ರೀಫ್
ಒಂಟಿ ಅಂತ ಬೇಜಾರಾಗಿದ್ಯೋ ಏನೋ. ಇನ್ನೊಂದು ಟೇಲ್‌ಸ್ಪಾಟ್ ತಂದು ಜೋಡಿ ಮಾಡಿ.

ಪಾಚಿಗಣ್ಣು
ಗಿರಿನಗರ ಅವರೇ, ಇವತ್ತು ನಿಮ್ಮ ದಿನ ಅಲ್ಲ 😀 50 ಲೀಟರಲ್ಲಿ ಎರಡು ಬಿಟ್ರೆ ಒಂದು ಇನ್ನೊಂದನ್ನ ಅಟ್ಟಿ ಅಟ್ಟಿ ಸಾಯಿಸುತ್ತೆ. ಗಂಡು ಹೆಣ್ಣು ಹೊರಗಿಂದ ಗೊತ್ತಾಗೋದು ಕಷ್ಟ. ಇರೋ ಊಟ ಒಂದಕ್ಕೇ ಸಾಲ್ತಿಲ್ಲ, ಇನ್ನೊಂದು ಬಾಯಿ ಬೇರೆ. ಜೋಡಿ ಆಗ್ಬೇಕಂದ್ರೆ ದೊಡ್ಡ ಟ್ಯಾಂಕ್ ಬೇಕು. ಆಗ ಹೆಣ್ಣು ತೂತಿನ ಗೋಡೆಗೆ ಮೊಟ್ಟೆ ಅಂಟಿಸಿ ಹೋಗುತ್ತೆ, ಕಾವಲು ಗಂಡಿನದು.

ಕಾವೇರಿ_ಕ್ಲೌನ್
ತೂತುಗಳೆಷ್ಟಿವೆ? ಒಂದೇ ಇದ್ದು ಅದು ಕ್ಲೌನ್ ಜಾಗದ ಪಕ್ಕ ಇದ್ರೆ ಬ್ಲೆನ್ನಿ ಆಚೆ ಬರೋಕೇ ಹೆದರುತ್ತೆ.

ಪುಟ್ಟ_ಕಡಲು
ಎರಡೇ. ಒಂದು ಕ್ಲೌನ್ ಮಲಗೋ ಮೂಲೇಲೇ ಇದೆ. ಡ್ರೈ ರಾಕ್ ಒಂದು ಎಕ್ಸ್‌ಟ್ರಾ ಇದೆ.

ಕಾವೇರಿ_ಕ್ಲೌನ್
ಅದನ್ನ ತೆಗೆದು 10 ಎಂ.ಎಂ. ಮೇಸನ್ರಿ ಬಿಟ್‌ನಲ್ಲಿ ನಾಲ್ಕು ತೂತು, 5 ಸೆಂ.ಮೀ. ಆಳ, ಬೇರೆ ಬೇರೆ ಎತ್ತರದಲ್ಲಿ. ಡ್ರಿಲ್ ಹ್ಯಾಮರ್ ಮೋಡಲ್ಲಿ ಹಾಕ್ಬೇಡಿ, ಕಲ್ಲು ಸೀಳುತ್ತೆ. ಆರ್‌ಓ ನೀರಲ್ಲಿ ಪುಡಿ ಹೋಗೋ ತನಕ ತೊಳೀರಿ. ತಲೆ ಬಿಗಿಯಾಗಿ ಹಿಡಿಸೋ ತೂತೇ ಅದಕ್ಕೆ ಬೇಕು, ದೊಡ್ಡ ಗುಹೆ ಮಾಡಿದ್ರೆ ಹೋಗಲ್ಲ.

ಪುಟ್ಟ_ಕಡಲು
6 ದಿನದ ವರದಿ. ಚೈನಾ ಗ್ರಾಸ್ ಕಲ್ಲು ಮೊದಲ ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ತೆಗೆದು ನೋಡಿದ್ರೆ ಅಂಚಲ್ಲಿ ಆ ಅರ್ಧಚಂದ್ರ ಗುರುತು! ಇವತ್ತು ಮಧ್ಯದಲ್ಲಿ ಬರೀ ಕಲ್ಲು ಕಾಣ್ತಿದೆ. ಕ್ಲೌನ್ ಒಂದು ಸಲ ಬಂದು ಕಚ್ಚಿ ಉಗುಳಿ ಹೋಯ್ತು. ಹೊಟ್ಟೆ ಇನ್ನೂ ಪೂರ್ತಿ ತುಂಬಿಲ್ಲ, ಆದ್ರೆ ಒಳಗೆ ಗುಳಿ ಇಲ್ಲ. ತೂತು ಕೊರೆದ ಕಲ್ಲು ಹಾಕಿದ್ದೀನಿ, ಮೇಲಿನಿಂದ ಎರಡನೇ ತೂತು ಹಿಡಿದುಕೊಂಡಿದೆ. ಡಿಐ ರೆಸಿನ್ ಆರ್ಡರ್ ಮಾಡಿದ್ದೀನಿ.

ಹುಬ್ಬಳ್ಳಿ_ಮಂದಿ
ಭೇಷ್! ಇನ್ನೂ ಎರಡು ವಾರ ಬಿಡಬ್ಯಾಡ್ರಿ. ಆಮ್ಯಾಲ ದಿನಾ ಬಿಟ್ಟು ದಿನಾ.

ಹವಳದ_ಹುಚ್ಚ
ಚೇತರಿಸಿಕೊಂಡ ಬ್ಲೆನ್ನಿ ಓಡಾಡೋಕೆ ಶುರು ಮಾಡುತ್ತೆ, ಹಾರೋದೂ ಆಗಲೇ. ಮುಚ್ಚಳ ಇದೆಯಾ?

ಪುಟ್ಟ_ಕಡಲು
ಗಾಜಿನ ಮುಚ್ಚಳ ಇದೆ. ಹಿಂದೆ ಪೈಪ್, ವೈರ್ ಹೋಗೋಕೆ ಉದ್ದಕ್ಕೆ 2 ಸೆಂ.ಮೀ. ಸಂದಿ.

ಹವಳದ_ಹುಚ್ಚ
ಬ್ಲೆನ್ನಿ ಹೋಗೋದೇ ಆ ಸಂದಿಯಿಂದ. ಬಣ್ಣವಿಲ್ಲದ ನೈಲಾನ್ ಬಲೆ, 6 ಎಂ.ಎಂ. ಕಣ್ಣಿನದು, ಸಂದಿಗೆ ಅಡ್ಡ ಹಾಕಿ. ಕಬ್ಬಿಣ, ಅಲ್ಯೂಮಿನಿಯಂ ಜಾಲರಿ ಬೇಡ, ಉಪ್ಪಿನ ಹಬೆಗೆ ತುಕ್ಕು ಹಿಡಿದು ಟ್ಯಾಂಕಿಗೆ ಉದುರುತ್ತೆ. ಹೀಟರ್ ವೈರ್ ಹೋಗೋ ಮೂಲೆಗೆ ಸ್ಪಂಜ್ ತುರುಕಿ. ಪಂಪಿನ ಬಾಯಿಗೂ ಸ್ಪಂಜ್ ಹಾಕಿದ್ದೀರಾ?

ಪುಟ್ಟ_ಕಡಲು
ಇಲ್ಲ. ಈಗ ಹಾಕ್ತೀನಿ.